ಮರಳುವ ದಾರಿ ತಪ್ಪಿದ ದೀಪ

ಹಳೆಯ ಮೋಟಾರು ಸೈಕಲ್ಲೊಂದನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರಲ್ಲಿ, ಕತ್ತಲೆ ಕವಿದ ಮೇಲೆ ಊರಾಚೆಯ ರಸ್ತೆಯಲ್ಲಿ ಅದರ ಮುಂದೀಪವು ಹರಳೆಣ್ಣೆಯ ಹಣತೆಯಂತೆ ಕೆಂಪಗೆ ಕುಗ್ಗಿ, ಎದುರಿಗಿರುವುದು ನಿಂತ ಎತ್ತಿನ ಗಾಡಿಯೋ ಬರಿಯ ಮರದ ನೆರಳೋ ತಿಳಿಯದೆ, ವೇಗವನ್ನು ಕಾಲ್ನಡಿಗೆಯ ಮಟ್ಟಕ್ಕೆ ಇಳಿಸಿಕೊಂಡು ಹೇಗೋ ಮನೆ ಸೇರಿದ ಅನುಭವವಿಲ್ಲದವರು ವಿರಳ. ನನಗೂ ಅಂಥದೊಂದು ರಾತ್ರಿ ಒದಗಿತ್ತು. ಸೋಜಿಗದ ಸಂಗತಿಯೆಂದರೆ, ಅದಕ್ಕೆ ಎರಡು ತಿಂಗಳ ಹಿಂದಷ್ಟೇ ನಾನು ಆ ವಾಹನವನ್ನು ಪೂರ್ತಿ ಬಿಚ್ಚಿಸಿ, ದಶಕಗಳ ತುಕ್ಕನ್ನು ಉಜ್ಜಿಸಿ, ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪಿನ ಕಡುಗೆಂಪು ಬಣ್ಣವನ್ನು ಮೂರು ಸುತ್ತು ಬಳಿಸಿದ್ದೆ. ಬಣ್ಣ ಕಾಣುವ ಮೊದಲು ಚೆನ್ನಾಗಿಯೇ ಉರಿಯುತ್ತಿದ್ದ ದೀಪ ಬಣ್ಣ ಕಂಡ ಮೇಲೆ ಮಂಕಾಗಿತ್ತು.

ಬಲ್ಬನ್ನು ಬದಲಾಯಿಸಿದೆ, ಫಲವಾಗಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಅರ್ಧ ದಿನ ಅಲೆದು ಇನ್ನೊಂದು ಬಲ್ಬನ್ನೂ ಹೊಸದೊಂದು ಹೋಲ್ಡರನ್ನೂ ತಂದೆ, ಆಗಲೂ ಇಲ್ಲ. ಕೊನೆಗೆ ಹೊಸ ಬ್ಯಾಟರಿಯನ್ನೇ ಕೂರಿಸಿದಾಗ ಎರಡು ದಿನ ಬೆಳಕು ಸುಧಾರಿಸಿದಂತೆ ತೋರಿದ್ದು ಖರ್ಚು ಮಾಡಿದ ಮನಸ್ಸು ತನಗೆ ತಾನೇ ಹೇಳಿಕೊಂಡ ಸಮಾಧಾನವೇ ಹೊರತು ಬೇರೇನೂ ಆಗಿರಲಿಲ್ಲ. ದೀಪದ ವ್ಯಾಧಿಗೆ ದೀಪವನ್ನೇ ದೂರುವುದು ನಮ್ಮ ಸಹಜ ಪ್ರವೃತ್ತಿ. ಆದರೆ ಹಳೆಯ ವಾಹನಗಳ ವಿಷಯದಲ್ಲಿ ಬಲ್ಬು ಬಹುಪಾಲು ನಿರಪರಾಧಿ. ಅದರ ತನಕ ವಿದ್ಯುತ್ತು ಹೋಗುವ ಹಾದಿಯಲ್ಲಿ, ಅದಕ್ಕಿಂತಲೂ ಹೆಚ್ಚಾಗಿ ಅಲ್ಲಿಂದ ಅದು ಮರಳುವ ಹಾದಿಯಲ್ಲಿ, ದೋಷ ಅಡಗಿರುತ್ತದೆ.

ನಮ್ಮ ಸೀಮೆಯವರಿಗೆ ಹಳೆಯ ಮೋಟಾರು ಸೈಕಲ್ಲೆಂದ ಕೂಡಲೆ ಮೊದಲು ನೆನಪಾಗುವುದು ಮೈಸೂರಿನ ಜಾವಾ ಮತ್ತು ಯೆಜ್ದಿ. 1929ರಲ್ಲಿ ಚೆಕೊಸ್ಲೊವಾಕಿಯದ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡು, ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಜಾವಾ ಎಂದು ಕರೆದ ಆ ಯಂತ್ರವನ್ನು, 1960ರಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ ತಯಾರಿಸಲಾರಂಭಿಸಿ, ಮುಂದೆ ಯೆಜ್ದಿ ಎಂಬ ಹೆಸರಿನಲ್ಲಿ ಮುಂದುವರಿಸಿ, 1996ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆ ಮುಚ್ಚಿದರೂ ವಾಹನಗಳು ಓಡುತ್ತಲೇ ಇವೆ. ಕಿಕ್ ಹೊಡೆಯುವ ಕಡ್ಡಿಯೇ ಮಡಿಚಿಕೊಂಡು ಗೇರಿನ ಕಡ್ಡಿಯಾಗುವ ಆ ವಿಚಿತ್ರವನ್ನು ಬಲ್ಲವರು ಪ್ರತಿ ಊರಿನಲ್ಲಿಯೂ ಇನ್ನೂ ಒಬ್ಬಿಬ್ಬರಾದರೂ ಸಿಗುತ್ತಾರೆ. ಈ ವಾಹನಗಳ ಪೈಕಿ ಹಳೆಯವುಗಳದು 6 ವೋಲ್ಟಿನ ವ್ಯವಸ್ಥೆ. ನಮ್ಮ ಕಥೆಯ ಮೂಲ ಅಲ್ಲಿದೆ.

ಆರು ವೋಲ್ಟೆಂಬುದು ಬಹು ಸಣ್ಣ ಒತ್ತಡ. 25 ವಾಟಿನ ಬಲ್ಬೊಂದು ಆ ಒತ್ತಡದಲ್ಲಿ ಉರಿಯಬೇಕಾದರೆ ಸುಮಾರು 4 ಆಂಪಿಯರುಗಳಷ್ಟು ಪ್ರವಾಹ ಹರಿಯಬೇಕು. ಪ್ರವಾಹ ಹರಿಯುವ ಹಾದಿಯಲ್ಲಿ ಎಲ್ಲೆಲ್ಲಿ ರೋಧವುಂಟೋ ಅಲ್ಲಲ್ಲಿ, ಪ್ರವಾಹವನ್ನು ರೋಧದಿಂದ ಗುಣಿಸಿದಷ್ಟು ಒತ್ತಡ ಸೋರಿಹೋಗುತ್ತದೆಂಬುದು 1827ರಲ್ಲಿ ಓಮ್ ಎಂಬ ಜರ್ಮನ್ ಅಧ್ಯಾಪಕನು ಪ್ರಕಟಿಸಿದ ನಿಯಮ. ಉರಿಯುತ್ತಿರುವ ಆ ಬಲ್ಬಿನ ಒಟ್ಟು ರೋಧವೇ ಒಂದೂವರೆ ಓಮಿಗಿಂತ ತುಸು ಕಡಮೆ. ಹೀಗಿರುವಾಗ ತಂತಿಯ ತುದಿಯಲ್ಲಿ ಕಟ್ಟಿದ ಕಿಲುಬು, ಸಡಿಲವಾದ ತಿರುಪು, ಸವೆದ ಸ್ವಿಚ್ಚು ಇವೆಲ್ಲ ಸೇರಿ ಓಮಿನ ಎಂಟನೆಯ ಒಂದು ಭಾಗದಷ್ಟು ರೋಧವನ್ನು ಒಡ್ಡಿದರೂ ಸಾಕು, ಅರ್ಧ ವೋಲ್ಟು ದಾರಿಯಲ್ಲೇ ನಷ್ಟವಾಗುತ್ತದೆ. ಅರ್ಧ ವೋಲ್ಟು ತಾನೆ ಎಂದು ಉದಾಸೀನ ಮಾಡುವಂತಿಲ್ಲ. ಏಕೆಂದರೆ ಟಂಗ್‌ಸ್ಟನ್ ತಂತುವಿನ ಬೆಳಕು ಒತ್ತಡದೊಡನೆ ಸಮಸಮವಾಗಿ ಏರಿಳಿಯುವುದಿಲ್ಲ, ಒತ್ತಡದ ಹೆಚ್ಚುಕಡಮೆ ಮೂರೂವರೆಯ ಘಾತದಂತೆ ಏರಿಳಿಯುತ್ತದೆ. ಆರರಲ್ಲಿ ಅರ್ಧ ವೋಲ್ಟು ಹೋದರೆ ಬೆಳಕಿನಲ್ಲಿ ಕಾಲು ಭಾಗ ಹೋದಂತೆ. ಒಂದು ವೋಲ್ಟು ಹೋದರೆ ಹತ್ತಿರ ಹತ್ತಿರ ಅರ್ಧವೇ ಹೋದಂತೆ. ಉಳಿದ ಬೆಳಕಾದರೂ ಬಿಳಿಯಾಗಿರದೆ ಕೆಂಪಿಗೆ ತಿರುಗಿರುತ್ತದೆ.

ಇದೇ ತತ್ತ್ವದ ದೊಡ್ಡ ರೂಪವನ್ನು ನಮ್ಮ ನಾಡು ಬಹು ಹಿಂದೆಯೇ ಕಂಡಿದೆ. 1902ರಲ್ಲಿ ಶಿವನಸಮುದ್ರದ ಜಲಪಾತದ ಶಕ್ತಿಯನ್ನು ಸುಮಾರು 90 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದ ಯಂತ್ರಜ್ಞರು ಅದನ್ನು ಸಾವಿರಾರು ವೋಲ್ಟುಗಳಿಗೆ ಏರಿಸಿಯೇ ಒಯ್ದರು. ಒತ್ತಡ ಹೆಚ್ಚಿದಷ್ಟೂ ಅದೇ ಶಕ್ತಿಗೆ ಬೇಕಾದ ಪ್ರವಾಹ ಕಡಮೆಯಾಗಿ, ತಂತಿಯಲ್ಲಾಗುವ ನಷ್ಟವೂ ಕಡಮೆಯಾಗುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ಮೋಟಾರು ಸೈಕಲ್ಲುಗಳು 6 ವೋಲ್ಟನ್ನು ಬಿಟ್ಟು 12ಕ್ಕೆ ಏರಿದ್ದರ ಹಿಂದೆಯೂ ಇದೇ ಲೆಕ್ಕವುಂಟು: ಅದೇ ವಾಟು, ಅದೇ ತಂತಿ, ಆದರೆ ಒತ್ತಡದ ಪಾಲಿನಲ್ಲಿ ನಷ್ಟ ಮಾತ್ರ ನಾಲ್ಕನೆಯ ಒಂದಂಶ. ಆದ್ದರಿಂದ 12 ವೋಲ್ಟಿನ ವಾಹನ ಕ್ಷಮಿಸಿಬಿಡುವ ಕೊಳೆಯನ್ನು 6 ವೋಲ್ಟಿನ ವಾಹನ ಕ್ಷಮಿಸುವುದಿಲ್ಲ.

ಈಗ ಮರಳುವ ದಾರಿಯ ಮಾತು. ಮನೆಯ ವಿದ್ಯುತ್ತಿಗೆ ಹೋಗಲೊಂದು ತಂತಿ, ಬರಲೊಂದು ತಂತಿ ಇರುವಂತೆ ಮೋಟಾರು ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಎರಡನೆಯ ತಂತಿಯಿರುವುದಿಲ್ಲ. ಬ್ಯಾಟರಿಯ ಒಂದು ಕೊನೆಯನ್ನು ವಾಹನದ ಕಬ್ಬಿಣದ ಮೈಗೆ ಕಟ್ಟಿ, ಆ ಮೈಯನ್ನೇ ಮರಳುವ ತಂತಿಯಾಗಿ ಬಳಸಿಕೊಳ್ಳುತ್ತಾರೆ. ಇದಕ್ಕೆ ನಮ್ಮ ಮೆಕ್ಯಾನಿಕ್ಕುಗಳು ಅರ್ಥ್ ಎನ್ನುತ್ತಾರೆ. ಯಾವ ಕೊನೆ ಮೈಗೆ ಸೇರಿದೆಯೆಂಬುದನ್ನು ಊಹಿಸಿಕೊಳ್ಳಬಾರದು, ಕಣ್ಣಿನಿಂದಲೇ ನೋಡಿ ತಿಳಿಯಬೇಕು. ಹಳೆಯ ಬ್ರಿಟಿಷ್ ವಾಹನಗಳಲ್ಲಿ ಧನಾಗ್ರವನ್ನೇ ಮೈಗೆ ಕಟ್ಟುವ ಪದ್ಧತಿ ಪ್ರಚಾರದಲ್ಲಿತ್ತು. ಅದು ಹೇಗೇ ಇರಲಿ, ಮುಂದೀಪದಿಂದ ಹೊರಟ ಪ್ರವಾಹ ಬ್ಯಾಟರಿಗೆ ಮರಳುವಾಗ ಯಾವ ಯಾವ ಕಡಿದಾದ ಕಣಿವೆಗಳನ್ನು ದಾಟಬೇಕಾಗುತ್ತದೆಂಬುದನ್ನು ಒಮ್ಮೆ ಯೋಚಿಸಿ ನೋಡಿ: ಬಲ್ಬಿನಿಂದ ಹೋಲ್ಡರಿಗೆ, ಹೋಲ್ಡರಿನಿಂದ ಪ್ರತಿಫಲಕಕ್ಕೆ, ಅದರಿಂದ ದೀಪದ ಬೋಗುಣಿಗೆ, ಬೋಗುಣಿಯಿಂದ ಮುಂಗಾಲಿಯ ಫೋರ್ಕಿಗೆ, ಫೋರ್ಕಿನಿಂದ ವಾಹನದ ಕೊರಳಲ್ಲಿ ಹ್ಯಾಂಡಲು ತಿರುಗುವ ಉಕ್ಕಿನ ಗುಂಡುಗಳಿಗೆ, ಗುಂಡುಗಳಿಂದ ಚಾಸಿಗೆ, ಚಾಸಿಯಿಂದ ಬ್ಯಾಟರಿಗೆ. ಕೊರಳಿನ ಆ ಗುಂಡುಗಳೆಂದರೆ ಗ್ರೀಸಿನಲ್ಲಿ ಮುಳುಗಿದ, ಒಂದೊಂದು ಬಿಂದುವಿನಲ್ಲಿ ಮಾತ್ರ ಲೋಹವನ್ನು ಸೋಕುವ, ಹ್ಯಾಂಡಲು ತಿರುಗಿದಂತೆಲ್ಲ ಸ್ಥಾನ ಬದಲಿಸುವ ವಸ್ತುಗಳು. ವಿದ್ಯುತ್ತನ್ನು ಹಾಯಿಸಲೆಂದು ಅವುಗಳನ್ನು ಯಾರೂ ಅಲ್ಲಿಟ್ಟವರಲ್ಲ. ಆದರೂ ಅದೆಷ್ಟೋ ವಾಹನಗಳಲ್ಲಿ ದೀಪದ ಭಾಗ್ಯವೆಲ್ಲ ಅವುಗಳ ಕೈಯಲ್ಲಿದೆ.

ನನ್ನ ವಾಹನದಲ್ಲಿ ಆಗಿದ್ದುದೂ ಈ ಹಾದಿಯ ಅನಾಹುತವೇ. ಬಣ್ಣ ಬಳಿದವರು ಕಲೆಗಾರರು. ಬೋಗುಣಿಯ ಕಿವಿಗಳು ಫೋರ್ಕಿಗೆ ಸೇರುವ ಎಡೆಯನ್ನೂ, ಅರ್ಥ್ ತಂತಿಯ ತಿರುಪು ಕೂರುವ ಚಾಸಿಯ ಬಿಲ್ಲೆಯನ್ನೂ ಒಂದಿಷ್ಟೂ ಬಿಡದೆ ನುಣುಪಾಗಿ ಬಳಿದುಬಿಟ್ಟಿದ್ದರು. ಬಣ್ಣವೆಂಬುದು ವಿದ್ಯುತ್ತಿಗೆ ಗೋಡೆ. ತಿರುಪಿನ ಎಳೆಗಳು ಅಲ್ಲೊಂದು ಇಲ್ಲೊಂದು ಕಡೆ ಬಣ್ಣವನ್ನು ಕೆರೆದು ಸೋಕಿದ್ದರಿಂದಲೇ ದೀಪ ಅಷ್ಟಾದರೂ ಉರಿಯುತ್ತಿತ್ತು. ಅವರನ್ನು ದೂರುವುದಕ್ಕೂ ನನಗೆ ಬಾಯಿಲ್ಲ. ಒಂದು ಚುಕ್ಕೆಯೂ ಬಿಡದಂತೆ ಬಳಿಯಿರೆಂದು ನಿಂತು ಹೇಳಿದವನು ನಾನೇ.

ಇಂಥ ದೋಷವನ್ನು ಹಿಡಿಯುವುದು ಹೇಗೆ? ಅಗ್ಗದ ಮಲ್ಟಿಮೀಟರೊಂದು ಇಂದು ಯಾವ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿಯೂ ದೊರೆಯುತ್ತದೆ. ಆದರೆ ಅದನ್ನು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಮಾಡುವ ತಪ್ಪೊಂದುಂಟು: ಬಲ್ಬನ್ನು ಕಳಚಿ, ಹೋಲ್ಡರಿನ ತಂತಿಗೆ ಮೀಟರಿನ ಕಡ್ಡಿಯನ್ನು ಮುಟ್ಟಿಸಿ, ಆರು ವೋಲ್ಟು ಪೂರ್ತಿಯಾಗಿ ತೋರಿದ್ದನ್ನು ನೋಡಿ, ತಂತಿಯಲ್ಲಿ ದೋಷವಿಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ಮೀಟರು ಎಳೆದುಕೊಳ್ಳುವ ಪ್ರವಾಹ ಅತ್ಯಲ್ಪ. ಹತ್ತೊಂಬತ್ತು ಎಳೆಗಳು ತುಂಡಾಗಿ ಒಂದೇ ಎಳೆ ಉಳಿದ ತಂತಿಯೂ ಅದಕ್ಕೆ ಪೂರ್ತಿ ಒತ್ತಡವನ್ನೇ ತೋರಿಸುತ್ತದೆ. ಕೂಲಿಯಾಳಿನ ಬಲವನ್ನು ಅವನು ಕಟ್ಟೆಯ ಮೇಲೆ ಕುಳಿತಿರುವಾಗ ಅಳೆಯಲಾಗದು. ಮೂಟೆ ಹೊರಿಸಿ ನೋಡಬೇಕು. ಆದ್ದರಿಂದ ಬಲ್ಬು ಇದ್ದಲ್ಲೇ ಇರಲಿ, ದೀಪ ಉರಿಯುತ್ತಲೇ ಇರಲಿ. ಆಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈಗೆ ಕಟ್ಟಿದ ಕೊನೆಗೂ ಇನ್ನೊಂದನ್ನು ಬಲ್ಬಿನ ಹಿತ್ತಾಳೆಯ ಬುಡಕ್ಕೂ ಒತ್ತಿ ಹಿಡಿಯಿರಿ. ಹಾದಿ ಶುದ್ಧವಾಗಿದ್ದರೆ ಮೀಟರು ಹೆಚ್ಚುಕಡಮೆ ಸೊನ್ನೆಯನ್ನು, ಎಂದರೆ ವೋಲ್ಟಿನ ಹತ್ತನೆಯ ಒಂದೆರಡು ಭಾಗಗಳನ್ನು ಮಾತ್ರ, ತೋರಿಸತಕ್ಕದ್ದು. ಅಲ್ಲಿ ಅರ್ಧವೋ ಒಂದೋ ವೋಲ್ಟು ಕಾಣಿಸಿದರೆ, ದೀಪಕ್ಕೆ ಸಲ್ಲಬೇಕಾಗಿದ್ದ ಅಷ್ಟು ಒತ್ತಡವನ್ನು ಮರಳುವ ದಾರಿಯು ನುಂಗುತ್ತಿದೆಯೆಂದೇ ಅರ್ಥ. ಬಳಿಕ ಕಡ್ಡಿಯನ್ನು ಬುಡದಿಂದ ಹೋಲ್ಡರಿಗೆ, ಹೋಲ್ಡರಿನಿಂದ ಬೋಗುಣಿಗೆ, ಬೋಗುಣಿಯಿಂದ ಫೋರ್ಕಿಗೆ, ಹೀಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಸುತ್ತ ಬನ್ನಿ; ಎಲ್ಲಿ ಅಂಕಿ ತಟ್ಟನೆ ಇಳಿಯುವುದೋ ಅದಕ್ಕೂ ಅದರ ಹಿಂದಿನ ಹೆಜ್ಜೆಗೂ ನಡುವಣ ಜೋಡಣೆಯೇ ಕಳ್ಳ. ಹೋಗುವ ದಾರಿಯನ್ನೂ ಹೀಗೆಯೇ, ಬ್ಯಾಟರಿಯ ಮತ್ತೊಂದು ಕೊನೆಯಿಂದ ಬಲ್ಬಿನ ತಂತಿಯ ತುದಿಯವರೆಗೆ, ಪರೀಕ್ಷಿಸಬಹುದು.

ಮೀಟರಿಲ್ಲದವರು ಎದೆಗುಂದಬೇಕಾಗಿಲ್ಲ. ಎರಡು ಮೊಳದ ದಪ್ಪ ತಂತಿಯೊಂದರ ಒಂದು ತುದಿಯನ್ನು ಬ್ಯಾಟರಿಯ ಅರ್ಥ್ ಕೊನೆಗೆ ಬಿಗಿದು, ಇನ್ನೊಂದು ತುದಿಯನ್ನು ಉರಿಯುತ್ತಿರುವ ದೀಪದ ಹೋಲ್ಡರಿನ ಲೋಹಕ್ಕೆ ಒತ್ತಿದಾಗ ಬೆಳಕು ಧಿಗ್ಗೆಂದು ಏರಿದರೆ ಬೇರೆ ಸಾಕ್ಷಿ ಬೇಕಿಲ್ಲ. ತಂತಿಯ ತುದಿ ಬ್ಯಾಟರಿಯ ಮತ್ತೊಂದು ಕೊನೆಗೆ ತಗುಲದಂತೆ ಮಾತ್ರ ಎಚ್ಚರಿಕೆಯಿರಬೇಕು. ಕಿಡಿಗೂ ಪೆಟ್ರೋಲಿಗೂ ಇರುವ ಸಂಬಂಧವನ್ನು ವಿವರಿಸಬೇಕಾಗಿಲ್ಲವಷ್ಟೆ. ಈ ಪರೀಕ್ಷೆಯಲ್ಲಿಯೇ ಶಾಶ್ವತ ಪರಿಹಾರವೂ ಅಡಗಿದೆ. ದೀಪದ ಬೋಗುಣಿಯಿಂದ ನೇರವಾಗಿ ಬ್ಯಾಟರಿಗೆ ಪ್ರತ್ಯೇಕ ತಂತಿಯೊಂದನ್ನು ಎಳೆದುಬಿಟ್ಟರೆ ಕೊರಳಿನ ಗುಂಡುಗಳ ಹಂಗು ಜನ್ಮಕ್ಕೆ ಹರಿಯುತ್ತದೆ. ಮೂಲರೂಪದ ಪಾವಿತ್ರ್ಯವನ್ನು ಕಾಪಾಡಬೇಕೆನ್ನುವ ಸಂಪ್ರದಾಯಸ್ಥರು ಇದಕ್ಕೆ ಮೂಗು ಮುರಿಯಬಹುದು. ಒಳಗೆ ಹುದುಗಿ ಯಾರ ಕಣ್ಣಿಗೂ ಬೀಳದ ಒಂದು ತಂತಿಯಿಂದ ಯಾವ ಪಾವಿತ್ರ್ಯವೂ ಕೆಡುವುದಿಲ್ಲವೆಂಬುದು ನನ್ನ ಅಭಿಪ್ರಾಯ.

ಅರ್ಥ್ ಪೂರ್ತಿ ಕಡಿದುಹೋದಾಗ ದೀಪಗಳು ಆಡುವ ಆಟ ಇನ್ನೂ ವಿಚಿತ್ರ. ಡಿಪ್ಪು, ಎಂದರೆ ತಗ್ಗಿಸಿದ ಬೆಳಕು, ಹಾಕಿದರೆ ಮುಂದೀಪದ ಬಲ್ಬಿನ ಎರಡು ತಂತುಗಳೂ ಮಿಣುಕುತ್ತವೆ. ಮುಂದೀಪ ಹಾಕಿದರೆ ಸ್ಪೀಡೋಮೀಟರಿನ ಪುಟ್ಟ ದೀಪ ಬೆಳಗುತ್ತದೆ. ಹಾರನ್ನು ಒತ್ತಿದರೆ ಬೆಳಕು ಕುಗ್ಗುತ್ತದೆ. ಭೂತ ಹೊಕ್ಕಂತೆ ತೋರುವ ಈ ಚೇಷ್ಟೆಗೆ ಕಾರಣ ಸರಳವಾದುದು: ಮರಳುವ ಹೆದ್ದಾರಿ ಮುಚ್ಚಿದುದರಿಂದ ಪ್ರವಾಹವು ಒಂದು ತಂತುವಿನಿಂದ ಹೊರಟು, ಇನ್ನೊಂದು ತಂತುವಿನ ಮೂಲಕ ಹಿಮ್ಮೊಗವಾಗಿ ನುಸುಳಿ, ಬೇರೆ ಯಾವುದೋ ದೀಪದ ಅರ್ಥನ್ನು ಹಿಡಿದು ಮನೆ ಸೇರಲು ಹವಣಿಸುತ್ತಿರುತ್ತದೆ. ಒಂದು ದೀಪದ ಸ್ವಿಚ್ಚಿಗೆ ಇನ್ನೊಂದು ದೀಪ ಓಗೊಟ್ಟರೆ ಮೊದಲು ಅರ್ಥನ್ನೇ ಶಂಕಿಸಬೇಕು.

ಹ್ಯಾಂಡಲನ್ನು ಎಡಕ್ಕೋ ಬಲಕ್ಕೋ ತಿರುಗಿಸಿದಾಗ ಮಾತ್ರ ದೀಪ ಆರುವುದಾದರೆ, ಕೊರಳಿನ ಬಳಿ ಸಾವಿರಾರು ಸಲ ಬಾಗಿ ಬಾಗಿ ಒಳಗೇ ತುಂಡಾದ ತಂತಿಯಿರಬೇಕು. ಹೊರಗಿನ ಹೊದಿಕೆ ಸರಿಯಾಗಿಯೇ ಇರುವುದರಿಂದ ಕಣ್ಣಿಗೆ ಕಾಣದು, ಬೆರಳಿನಿಂದ ಮೆಲ್ಲಗೆ ಎಳೆದಾಗ ಆ ಜಾಗ ರಬ್ಬರಿನಂತೆ ಹಿಗ್ಗುತ್ತದೆ. ಡಿಪ್ಪಿನ ಸ್ವಿಚ್ಚು ಮಳೆಗೂ ಧೂಳಿಗೂ ತೆರೆದುಕೊಂಡೇ ಇರುವ ಬಡಪಾಯಿ. ಅದರ ಹಿತ್ತಾಳೆಯ ನಾಲಿಗೆಗಳನ್ನು ನಯವಾದ ಮರಳು ಕಾಗದದಿಂದ ಒರೆಸಿದರೆ ಹೆಚ್ಚಿನ ವೇಳೆ ಚೇತರಿಸಿಕೊಳ್ಳುತ್ತದೆ. ಫ್ಯೂಸು ಸುಟ್ಟಿದ್ದರೆ ಅದರ ಗಾಜನ್ನು ಬೆಳಕಿಗೆ ಹಿಡಿದು ನೋಡಿ: ಒಳಗೆ ಕಪ್ಪು ಮಸಿಯೋ ಬೆಳ್ಳಿಯಂಥ ಲೇಪವೋ ಕಂಡರೆ ಎಲ್ಲೋ ತಂತಿ ನೇರವಾಗಿ ಚಾಸಿಯನ್ನು ಮುಟ್ಟಿದೆ, ತಂತು ಸುಮ್ಮನೆ ನಡುವೆ ಕರಗಿ ಕಡಿದಿದ್ದರೆ ಭಾರ ಹೆಚ್ಚಾಗಿರಬಹುದು, ಇಲ್ಲವೆ ಅದಕ್ಕೂ ವಯಸ್ಸಾಗಿರಬಹುದು. ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದವನ್ನು ಸುತ್ತಿ ಫ್ಯೂಸಿಗೆ ಪರ್ಯಾಯವನ್ನು ಕಲ್ಪಿಸುವ ಜಾಣರು, ಬೆಂಕಿ ಹತ್ತಬೇಕಾದ ಸ್ಥಳವನ್ನು ಫ್ಯೂಸಿನಿಂದ ಪೆಟ್ರೋಲ್ ಟ್ಯಾಂಕಿನ ಕೆಳಗಣ ತಂತಿಗಳಿಗೆ ವರ್ಗಾಯಿಸುತ್ತಿದ್ದೇವೆಂಬುದನ್ನು ಮರೆಯುತ್ತಾರೆ.

ದಾರಿ ಶುದ್ಧವಾಗಿಯೂ ದೀಪ ಮಂಕಾದರೆ ಆಗ ಮೂಲಕ್ಕೆ ಹೋಗಬೇಕು. ಹಳೆಯ ಜಾವಾದಲ್ಲಿ ಡೈನಮೊ ಎಂಜಿನ್ನಿನ ಬಲಗಡೆಯ ಮುಚ್ಚಳದೊಳಗೆ, ಕ್ರ್ಯಾಂಕಿನ ದಂಡದ ತುದಿಯಲ್ಲೇ ಕುಳಿತು ಅದರೊಡನೆ ತಿರುಗುತ್ತದೆ. ಎಂಜಿನ್ನು ನಿಧಾನವಾಗಿರುವಾಗ ಡೈನಮೊದ ಒತ್ತಡ ಬ್ಯಾಟರಿಯದಕ್ಕಿಂತ ಕಡಮೆಯಿರುವುದರಿಂದ, ಬ್ಯಾಟರಿಯ ವಿದ್ಯುತ್ತು ಹಿಮ್ಮುಖವಾಗಿ ಹರಿದು ಪೋಲಾಗದಂತೆ ಕಟ್‌ಔಟ್ ಎಂಬ ಪುಟ್ಟ ದ್ವಾರಪಾಲಕ ಬಾಗಿಲನ್ನು ಮುಚ್ಚಿರುತ್ತಾನೆ. ವೇಗ ಏರಿದಾಗ ಬಾಗಿಲು ತೆರೆದು ಚಾರ್ಜು ಆರಂಭವಾಗುತ್ತದೆ, ಚಾರ್ಜು ಇಲ್ಲವೆಂದು ಸೂಚಿಸುವ ಕೆಂಪು ದೀಪ ಆರುತ್ತದೆ. ಮೀಟರನ್ನು ಬ್ಯಾಟರಿಗೆ ಹಚ್ಚಿ ಎಂಜಿನ್ನನ್ನು ಏರಿಸಿದಾಗ ಅಂಕಿ ಏಳರ ಸಮೀಪಕ್ಕೆ ಏರಬೇಕು. ಏರದೆ ಆರರಲ್ಲೇ ನಿಂತು ಮೆಲ್ಲಗೆ ಇಳಿಯುತ್ತಿದ್ದರೆ ಡೈನಮೊದ ಮುಚ್ಚಳವನ್ನು ಬಿಚ್ಚುವ ಕಾಲ ಬಂದಿತೆನ್ನಬೇಕು: ಕಾರ್ಬನ್ ಬ್ರಶ್ಶುಗಳು ಸವೆದು ಮೊಟಕಾಗಿರಬಹುದು, ಕ್ರ್ಯಾಂಕಿನ ಸೀಲು ಸೋರಿ, ಬ್ರಶ್ಶುಗಳು ಸೋಕುವ ಕಮ್ಯುಟೇಟರಿನ ತಾಮ್ರ ಎಣ್ಣೆಯ ಮಸಿಯಿಂದ ಮುಚ್ಚಿಹೋಗಿರಬಹುದು. ಎಂಜಿನ್ನು ಪೂರ್ತಿ ತಣಿದ ಮೇಲೆ ಬಟ್ಟೆಯಿಂದ ಒರೆಸಿ, ನಯವಾದ ಮರಳು ಕಾಗದದಿಂದ ತಾಮ್ರ ಹೊಳೆಯುವಂತೆ ಉಜ್ಜಬೇಕು. ಕುರುಂದದ ಕಾಗದವನ್ನು ಮಾತ್ರ ಬಳಸಬಾರದು, ಅದರ ಗಡಸು ಹರಳುಗಳು ತಾಮ್ರದಲ್ಲಿ ನಾಟಿಕೊಂಡು ಬ್ರಶ್ಶನ್ನು ತಿಂದುಹಾಕುತ್ತವೆ. ಈ ವಾಹನಗಳಲ್ಲಿ ಕಿಡಿಗೂ ಬ್ಯಾಟರಿಯೇ ಆಧಾರವಾದ್ದರಿಂದ, ದೀಪ ಕುಗ್ಗುತ್ತ ಎಂಜಿನ್ನೂ ತಡವರಿಸತೊಡಗಿದರೆ ಚಾರ್ಜು ನಿಂತುಹೋಗಿದೆಯೆಂಬ ಸೂಚನೆಯನ್ನು ಒಡನೆಯೇ ಗ್ರಹಿಸಿ, ದೀಪವನ್ನಾರಿಸಿ ರಸ್ತೆಯ ಬದಿಗೆ ಸರಿಯುವುದು ಕ್ಷೇಮ.

ಇದಕ್ಕೆ ವಿರುದ್ಧವಾದ ವ್ಯಾಧಿಯೂ ಉಂಟು. ಬೆಳಕು ಕಣ್ಣು ಕೋರೈಸುವಷ್ಟಿದ್ದು ವಾರಕ್ಕೊಂದು ಬಲ್ಬು ಬಲಿಯಾಗುತ್ತಿದ್ದರೆ, ಒತ್ತಡವನ್ನು ಮಿತಿಯಲ್ಲಿಡುವ ರೆಗ್ಯುಲೇಟರು ಹಿಡಿತ ತಪ್ಪಿದೆ, ಇಲ್ಲವೆ ಬ್ಯಾಟರಿಯ ಜೋಡಣೆ ಸಡಿಲವಾಗಿ ಏರಿದ ಒತ್ತಡವನ್ನು ಹೀರಿಕೊಳ್ಳುವವರಿಲ್ಲದಾಗಿದೆ. ಬ್ಯಾಟರಿಯಿಲ್ಲದೆಯೇ ಆಲ್ಟರ್ನೇಟರಿನ ಪರ್ಯಾಯ ಪ್ರವಾಹದಿಂದ ನೇರವಾಗಿ ದೀಪ ಉರಿಸುವ ವಾಹನಗಳಲ್ಲಿ ಬೆಳಕು ಎಂಜಿನ್ನಿನ ವೇಗದೊಡನೆ ಏರಿಳಿಯುವುದು ದೋಷವಲ್ಲ, ಸ್ವಭಾವ; ಅಲ್ಲಿ ಮುಂದೀಪ ಸುಟ್ಟೊಡನೆ ಅದರ ಪಾಲೂ ತನ್ನ ಮೇಲೆ ಬಿದ್ದು ಹಿಂದೀಪವೂ ಸುಡುವುದುಂಟು.

ಈಚೆಗೆ ಅನೇಕರು ಇಷ್ಟೆಲ್ಲ ಗೊಡವೆಯೇ ಬೇಡವೆಂದು ಎಲ್‌ಇಡಿ ಬಲ್ಬನ್ನು ಸಿಕ್ಕಿಸುತ್ತಾರೆ. ಅದು ಕಡಮೆ ಪ್ರವಾಹವನ್ನು ಬೇಡುವುದರಿಂದ ಕೊಳೆತ ಜೋಡಣೆಯಲ್ಲಿಯೂ ಬೆಳಗುತ್ತದೆ, ಆದರೆ ಕೊಳೆತದ್ದು ಕೊಳೆತೇ ಇರುತ್ತದೆ; ಮೇಲಾಗಿ ತಂತುವಿನ ಸ್ಥಾನಕ್ಕೆಂದು ರೂಪಿಸಿದ ಪ್ರತಿಫಲಕದಲ್ಲಿ ಅದರ ಬೆಳಕು ದಿಕ್ಕುಗೆಟ್ಟು ಎದುರು ಬರುವವರ ಕಣ್ಣಿಗೆ ಚುಚ್ಚುತ್ತದೆ. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ನು ಚಾಲೂ ಆದೊಡನೆ ಮುಂದೀಪ ತಾನಾಗಿ ಉರಿಯಬೇಕೆಂಬ ನಿಯಮ ಬಂದಿದೆಯಷ್ಟೆ. ಅದನ್ನು ಕಂಡು ಹಳೆಯ 6 ವೋಲ್ಟಿನ ವಾಹನದಲ್ಲಿಯೂ ಹಗಲೆಲ್ಲ ದೀಪ ಉರಿಸುತ್ತ ಪೇಟೆಯಲ್ಲಿ ನಿಧಾನವಾಗಿ ಸುತ್ತಿದವರು ಸಂಜೆಯ ಹೊತ್ತಿಗೆ ಬ್ಯಾಟರಿಯನ್ನು ಬರಿದು ಮಾಡಿಕೊಂಡಿರುತ್ತಾರೆ.

ನನ್ನ ವಾಹನದ ಚಿಕಿತ್ಸೆ ಕೊನೆಗೆ ಒಂದು ಭಾನುವಾರದ ಬೆಳಗಿನಲ್ಲಿ ಮುಗಿಯಿತು. ಅರ್ಥಿನ ತಿರುಪಿನ ಕೆಳಗೆ ನಾಲ್ಕಾಣೆಯಗಲದಷ್ಟು ಬಣ್ಣವನ್ನು ಚಾಕುವಿನಿಂದ ಕೆರೆಯುವಾಗ ಕೈ ಹಿಂದೆಗೆಯಿತೆಂಬುದನ್ನು ಮುಚ್ಚಿಡಲಾರೆ; ಕೆರೆದು, ಲೋಹ ಬೆಳ್ಳಗಾದ ಮೇಲೆ ತಿರುಪನ್ನು ಬಿಗಿದು, ಮತ್ತೆ ತುಕ್ಕು ಹಿಡಿಯದಂತೆ ಮೇಲೆ ವ್ಯಾಸಲೀನನ್ನು ಸವರಿದೆ. ಬೋಗುಣಿಯಿಂದ ಬ್ಯಾಟರಿಗೆ ಕಪ್ಪು ತಂತಿಯೊಂದನ್ನು ಎಳೆದೆ. ಖರ್ಚು, ಮೊದಲಿನ ಮೂರು ಬಗೆಯ ಖರೀದಿಯ ಮುಂದೆ, ಹೇಳುವಂಥದಲ್ಲ. ಅಂದು ಸಂಜೆ ಕತ್ತಲಾಗುವುದನ್ನೇ ಕಾದಿದ್ದು, ವಾಹನವನ್ನು ಮನೆಯ ಕಾಂಪೌಂಡಿನ ಗೋಡೆಗೆ ಇಪ್ಪತ್ತೈದು ಅಡಿ ದೂರದಲ್ಲಿ ನೆಟ್ಟಗೆ ನಿಲ್ಲಿಸಿ, ಭಾರ ಬಿದ್ದಾಗ ಹಿಂಭಾಗ ಕುಸಿದು ಬೆಳಕು ಮೇಲೇರುವುದರಿಂದ ನೆರೆಮನೆಯ ಹಿರಿಯರೊಬ್ಬರನ್ನು ಹಿಂದಿನ ಸೀಟಿನ ಮೇಲೆ ಕುಳ್ಳಿರಿಸಿಕೊಂಡು, ದೀಪದ ನಡುವಿನಷ್ಟೇ ಎತ್ತರದಲ್ಲಿ ಗೋಡೆಯ ಮೇಲೆ ಬಳಪದಿಂದ ಎಳೆದಿದ್ದ ಗೆರೆಗಿಂತ ಡಿಪ್ಪಿನ ಬೆಳಕು ಗೇಣುದ್ದ ಕೆಳಗೆ ಬೀಳುವಂತೆ ಬೋಗುಣಿಯನ್ನು ಬಾಗಿಸಿ ತಿರುಪುಗಳನ್ನು ಬಿಗಿದೆ. ಗೋಡೆಯ ಮೇಲಿನ ಬೆಳಕು ಬೆಳ್ಳಗಿತ್ತು. ಇಷ್ಟು ಹೊತ್ತೂ ಸುಮ್ಮನೆ ಕುಳಿತಿದ್ದ ಆ ಹಿರಿಯರು, ನಿಮ್ಮ ಗೋಡೆಗೂ ಒಂದು ಸುತ್ತು ಬಣ್ಣ ಆಗಬೇಕಲ್ಲ, ಎಂದರು.